ಕೊಂಬಿನ ಮಲ್ಲಾಬಾಯಿ

"ನನ್ನ ಮೈಯಾಗಿನ ರಕ್ತ ಒಂದ ಹನಿ ಹೊರಗ ತಗಿಯೋ ದೆವ್ವ ಇನ್ನೂ ಹುಟ್ಟಿಲ್ಲ" ಎಂದು ದೇವಾಪುರದ ಮೋನಮ್ಮ ನಸೀರುದ್ದೀನನ ಕಿರಾಣಿ ಅಂಗಡಿಯ ಕಟ್ಟೆ ಹತ್ತಿ ಸಾರಿದಾಗ ಅವಳಿಗೆ ಹದಿನೈದು ವರ್ಷ. ನಸೀರುದ್ದೀನ ಬೆಲ್ಲದ ಪೊಟ್ಟಣಕ್ಕೆ ದಾರ ಸುತ್ತುತ್ತ, ದೆವ್ವ ಯಾಕ ಬೇಕವಾ, ನಮ್ಮೂರ ಸೊಳ್ಳಿ ಸಾಲದೇನು ಅಂದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾಲುವೆಗೆ ನೀರು ಬಿಟ್ಟು ಕೆಲವು ವರ್ಷಗಳಾಗಿದ್ದವು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಕೆಸರು, ಕೆಸರಿನ ಹಿಂದೆ ಸೊಳ್ಳೆ. ಆ ಸೊಳ್ಳೆಗಳ ಗಾತ್ರ ಹೇಳಿದರೆ ಶಹಾಪುರದವರು ನಂಬುವುದಿಲ್ಲ. ಮಬ್ಬುಗತ್ತಲಲ್ಲಿ ಎಮ್ಮೆ ಕಟ್ಟಲು ಹೋದವರು ಕೈತಪ್ಪಿ ಸೊಳ್ಳೆಯನ್ನೇ ಗೂಟಕ್ಕೆ ಕಟ್ಟಿ ಬಂದದ್ದುಂಟು. ಬೆಳಗ್ಗೆ ಚರಿಗೆ ಹಿಡಿದು ಹಾಲು ಕರೆಯಲು ಕುಂತಾಗಲೇ ತಪ್ಪು ಗೊತ್ತಾಗುತ್ತಿತ್ತು.

ಆದರೆ ಮೋನಮ್ಮ ಆ ದಿನ ಹೇಳುತ್ತಿದ್ದದ್ದು ಸೊಳ್ಳೆಯ ಮಾತಲ್ಲ, ಪಕ್ಕದ ಮನೆಗೆ ಹೊಸದಾಗಿ ಬಂದ ಮುದುಕಿಯ ಮಾತು.

ಅವರ ಗೋಡೆಗೆ ಗೋಡೆ ಹತ್ತಿದ ಮನೆ ಬಹಳ ದಿನ ಬೀಗ ಹಾಕಿಕೊಂಡು ಬಿದ್ದಿತ್ತು. ಒಂದು ಸಂಜೆ ಬಳಿಚಕ್ರವೆಂಬ ಊರಿನ ಕಡೆಯಿಂದ ಬಂದ ಬಂಡಿಯೊಂದು ಅದರ ಮುಂದೆ ನಿಂತಿತು. ಇಳಿದವಳು ಮಲ್ಲಾಬಾಯಿ. ಒಣಗಿದ ತೊಗರಿ ಕಟ್ಟಿಗೆಯಂಥ ಮೈ, ಕೆಂಪನೆಯ ಬಾಯಿ. ಸಾಮಾನು ಅಂದರೆ ಒಂದು ಟ್ರಂಕು, ಒಂದು ಹೊರೆ ಹೊದೆಯುವ ಕೌದಿ, ಒಂದು ಗೋಣಿಚೀಲ. ಬಂಡಿಯವನು ಚೀಲ ಎತ್ತಲು ಹೋದರೆ ಮುದುಕಿ ಅವನ ಕೈ ಸರಿಸಿ ತಾನೇ ಹೆಗಲಿಗೇರಿಸಿಕೊಂಡಳು. ಒಳಗೆ ಎಲುಬಿಗೆ ಎಲುಬು ಬಡಿದಂಥ ಸಪ್ಪಳವಾಯಿತು. ಓಣಿಯ ನಾಯಿಗಳೆಲ್ಲ ಎದ್ದು ಅವಳ ಹಿಂದೆ ಬಾಗಿಲ ತನಕ ಹೋದವು. ಒಂದೂ ಬೊಗಳಲಿಲ್ಲ.

ಹಗಲು ಆ ಬಾಗಿಲು ತೆರೆಯುತ್ತಿರಲಿಲ್ಲ. ಹೊತ್ತು ಮುಳುಗುವಾಗ ಒಂದು ಗೇಣು ಸರಿಯುತ್ತಿತ್ತು. ಆಗ ತಲೆಯ ಮೇಲೆ ಸೆರಗೋ ಶಾಲೋ ಎಳೆದುಕೊಂಡು ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು. ಹೋಗುವಾಗ ಗಡಬಡಿಸಿ ಹೋದವರು ಬರುವಾಗ ಗೋಡೆ ಹಿಡಿದು ಬರುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಎಲ್ಲಿಗೂ ಇಲ್ಲ ಎನ್ನುತ್ತಿದ್ದರು.

ಸುರಪುರದಲ್ಲಿ ಯಾರದೋ ಮದುವೆಗೆ ಪೆಂಡಾಲಿನ ಕೆಳಗೆ ವಿಡಿಯೋ ಹಚ್ಚಿದಾಗ ಮೋನಮ್ಮ ರಕ್ತ ಕುಡಿಯುವ ದೆವ್ವದ ಸಿನಿಮಾ ನೋಡಿದ್ದಳು. ಬೆರಳ ಸಂದಿಯಿಂದ ನೋಡಿದ್ದರಿಂದ ಅರ್ಧವೇ ಕಂಡಿತ್ತು. ಉಳಿದರ್ಧ ಅವಳೇ ತುಂಬಿಕೊಂಡಿದ್ದಳು, ಅದು ಮೂಲಕ್ಕಿಂತ ಭಯಂಕರವಾಗಿತ್ತು. ಅಂಥ ದೆವ್ವ ಹಗಲು ಮಲಗುತ್ತದೆ, ಕರೆಯದೆ ಯಾರ ಮನೆಗೂ ಹೋಗುವುದಿಲ್ಲ, ಬಳ್ಳೊಳ್ಳಿ ಕಂಡರೆ ಓಡುತ್ತದೆ. ಮೊದಲಿನ ಎರಡು ಗುಣ ಕಣ್ಣೆದುರಿಗೇ ಇದ್ದವು. ಮೂರನೆಯದನ್ನು ನೋಡಿಯೇ ಬಿಡೋಣವೆಂದು ಒಂದು ದಿನ ಎರಡು ರೊಟ್ಟಿಯ ಮೇಲೆ ಬಳ್ಳೊಳ್ಳಿ ಖಾರ ಹಾಕಿಕೊಂಡು ಹೋಗಿ ಬಾಗಿಲು ಬಡಿದಳು.

ಮುದುಕಿ ಬಾಗಿಲನ್ನು ಕಣ್ಣಿನಷ್ಟೇ ತೆರೆದಳು. ವಾಸನೆ ಬಡಿದದ್ದೇ ಮುಖ ತಿರುಗಿಸಿದಳು.

"ಬಳ್ಳೊಳ್ಳಿ ನನಗ ನಡಿಯಂಗಿಲ್ಲವಾ" ಅಂದಳು. "ಸಂಜಿ ಮುಂದ ನನ್ನ ಬಾಯಿಗಿ ಕೆಲಸ ಐತಿ."

ಮೋನಮ್ಮ ಮನೆಗೆ ಬಂದದ್ದು ನಡೆದೋ ಹಾರಿಯೋ ಅವಳಿಗೇ ನೆನಪಿಲ್ಲ. ರೊಟ್ಟಿ ದಾರಿಯಲ್ಲೇ ಬಿದ್ದಿದ್ದವು.

ಇಷ್ಟಾದರೂ ಅವಳು ಅಂಗಡಿ ಕಟ್ಟೆಯ ಮೇಲೆ ಎದೆ ಸೆಟೆಸಿ ನಿಲ್ಲುವಷ್ಟು ಧೈರ್ಯದಿಂದಲೇ ಇದ್ದಳು. ಆ ಧೈರ್ಯ ಇಳಿದುಹೋದದ್ದು ಮುದುಕಿಯ ಬಾಗಿಲ ಸಂದಿಯಲ್ಲಿ ಅಪ್ಪ ಒಳಗೆ ಹೋಗುವುದನ್ನು ಕಂಡ ದಿನ.

ಅಪ್ಪ ದ್ಯಾವಪ್ಪ ಕಾಲುವೆಯ ತೂಬು ಕಾಯುವವನು. ತೂಬಿನ ಕಬ್ಬಿಣದ ಚಕ್ರ ತಿರುಗಿಸಿ ಹೊಲಗಳಿಗೆ ನೀರು ಬಿಡುವುದು, ಹೊತ್ತಿಗೆ ಸರಿಯಾಗಿ ಕಟ್ಟುವುದು ಅವನ ಕೆಲಸ. ದಿನಗೂಲಿಯೇ ಆದರೂ ಸರಕಾರದ ಕೆಲಸ. ಆ ಚಕ್ರ ಎಷ್ಟು ಬಿಗಿಯೆಂದರೆ, ಹಿಂದೊಮ್ಮೆ ಅದನ್ನು ತಿರುಗಿಸಲು ಹೋದ ಪೈಲವಾನನೊಬ್ಬ ತಾನೇ ಅದರ ಸುತ್ತ ತಿರುಗಿದ್ದನಂತೆ. ರಟ್ಟೆ ಸೋತವನಿಗೆ ಅಲ್ಲಿ ಜಾಗವಿಲ್ಲ. ದ್ಯಾವಪ್ಪನ ರಟ್ಟೆ ಯಾವಾಗ ಸೋತೀತು ಎಂದು ಹಿಂದಿನ ಓಣಿಯ ಅಯ್ಯಪ್ಪ ಎರಡು ಬೆಳೆಯಿಂದ ಬಾಯಿ ತೆರೆದು ಕುಂತಿದ್ದ.

ಈಚೆಗೆ ಅಪ್ಪ ಸೊರಗಿದ್ದ. ಉಣ್ಣುವಾಗ ತುತ್ತು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಯಾರ ಮುಂದೆಯೂ ಅಂಗಿ ಬಿಚ್ಚುತ್ತಿರಲಿಲ್ಲ, ಮೈ ತೊಳೆಯಲು ಕತ್ತಲಾಗುವ ತನಕ ಕಾಯುತ್ತಿದ್ದ. ಒಂದು ದಿನ ಒಗೆಯುವ ಬಟ್ಟೆಯಲ್ಲಿ ಅವನ ಬನಿಯನ್ನು ಮೋನಮ್ಮನ ಕೈಗೆ ಬಂತು. ಹೆಗಲ ಹಿಂದೆ ಬಳೆಯಷ್ಟು ಅಗಲದ ದುಂಡನೆಯ ರಕ್ತದ ಕಲೆ, ಅದರ ಕೆಳಗೆ ಇನ್ನೊಂದು. ಸಿನಿಮಾದ ದೆವ್ವಕ್ಕೆ ಎರಡು ಹಲ್ಲು ಸಾಕಾಗಿದ್ದವು. ಇದು ಬಾಯಿ ತುಂಬಾ ಕಚ್ಚುವ ಜಾತಿ.

ಬನಿಯನ್ನು ಹಿಡಿದು ಅವ್ವನ ಹತ್ತಿರ ಓಡಿದಳು. ಅವ್ವ ಮರಿಲಿಂಗಮ್ಮ ಅದನ್ನು ಕಸಿದು ನೀರಿಗೆ ಅದ್ದಿದಳು. ಮಗಳ ಮುಖ ನೋಡದೆ, ಕಂಡದ್ದನ್ನು ಕಂಡಲ್ಲೇ ಬಿಡು, ಆ ಮನೆ ಕಡೆ ಹೊಳ್ಳಿ ನೋಡಬೇಡ ಎಂದಷ್ಟೇ ಹೇಳಿದಳು. ಅವ್ವನೂ ಆ ಮುದುಕಿಯ ಕೈಯೊಳಗಿದ್ದಾಳೆ. ಇನ್ನು ಅಪ್ಪನಿಗೆ ತಾನೊಬ್ಬಳೇ ಗತಿ. ಸಂಜೆ ಸಂಜೆಗೆ ಒಂದಿಷ್ಟು, ಸಂಜೆ ಸಂಜೆಗೆ ಒಂದಿಷ್ಟು. ಹೀಗೇ ಬಿಟ್ಟರೆ ಹಬ್ಬದ ಹೊತ್ತಿಗೆ ಅಪ್ಪನ ಅಂಗಿ ಮಾತ್ರ ಗೂಟಕ್ಕೆ ಉಳಿಯುತ್ತದೆ.

ಮೋನಮ್ಮನ ಬಾಯಿ ಆಕಾಶವಾಣಿಗಿಂತ ಗಟ್ಟಿ. ಬೆಳಗ್ಗೆ ದೇವಾಪುರದಲ್ಲಿ ಅವಳು ಕೆಮ್ಮಿದರೆ ಮಧ್ಯಾಹ್ನ ಯಾದಗಿರಿಯಲ್ಲಿ ಔಷಧ ಕಟ್ಟುತ್ತಿದ್ದರು. ಪಕ್ಕದ ಮನೆಯ ಮುದುಕಿ ದೆವ್ವವೇ ಎಂದು ಮರುದಿನ ನಸೀರುದ್ದೀನನ ಅಂಗಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಓಣಿಗೆಲ್ಲ ಹಬ್ಬಿ ಬಡಿಗೆ ಹಿಡಿದು ನಿಂತಿತು. ಅಪ್ಪನ ಹೆಸರನ್ನು ಅವಳು ಎತ್ತಿರಲಿಲ್ಲ, ಅಷ್ಟು ಬುದ್ಧಿ ಇತ್ತು. ತಾನು ಮುಂದೆ ಹೋಗಿ ನೋಡುತ್ತೇನೆ, ಕೂಗಿದರೆ ಎಲ್ಲರೂ ನುಗ್ಗಿ ಎಂದಿದ್ದಳು. ಮುಂದಾಳುತನಕ್ಕೆ ಅಯ್ಯಪ್ಪ ತಾನಾಗಿಯೇ ಬಂದ. ದ್ಯಾವಪ್ಪನ ಮನೆಯ ಪಕ್ಕದಲ್ಲಿ ಏನೇ ಕೆಟ್ಟದ್ದಾದರೂ ಅವನಿಗೆ ಅದರಲ್ಲಿ ಆಸಕ್ತಿ.

ಹೊತ್ತು ಮುಳುಗಿತು. ಮೋನಮ್ಮ ಹಿತ್ತಲ ಗೋಡೆ ದಾಟಿ ಮುದುಕಿಯ ಹಿಂಬಾಗಿಲ ಬಿರುಕಿಗೆ ಕಣ್ಣು ಹಚ್ಚಿದಳು.

ಒಳಗೆ ಚಿಮಣಿ ದೀಪ ಉರಿಯುತ್ತಿತ್ತು. ಅಪ್ಪ ಬರಿಮೈಯಲ್ಲಿ ಬೋರಲು ಮಲಗಿದ್ದ, ಹೆಣದ ಹಾಗೆ. ಮಲ್ಲಾಬಾಯಿ ಅವನ ಮೇಲೆ ಬಾಗಿದ್ದಳು. ಅವಳ ಬಾಯಿಂದ ಒಂದು ಕೊಂಬು ಹೊರಟು ಅಪ್ಪನ ಹೆಗಲಿನೊಳಗೆ ನೆಟ್ಟಿತ್ತು. ಗಲ್ಲದ ಎರಡೂ ಕಡೆ ಗುಂಡಿ ಬಿದ್ದು ಮುದುಕಿ ಉಸಿರು ಎಳೆಯುತ್ತಿದ್ದಳು, ಎಳೆಯುತ್ತಲೇ ಇದ್ದಳು. ಆಮೇಲೆ ತಲೆಯೆತ್ತಿ ಪಕ್ಕದ ಬೂದಿಯ ಬುಟ್ಟಿಗೆ ಉಗುಳಿದಳು. ಉಗುಳಿದ್ದು ಕೆಂಪಗಿತ್ತು.

ಮೋನಮ್ಮ ಹಾಕಿದ ಚೀರಿಗೆ ಕಾಲುವೆಯ ನೀರು ಒಂದು ಗಳಿಗೆ ಹಿಂದಕ್ಕೆ ಹರಿಯಿತು ಎನ್ನುತ್ತಾರೆ. ಬಾಗಿಲು ತಳ್ಳಿ ನುಗ್ಗಿ ಕೊಂಬನ್ನು ಎರಡೂ ಕೈಯಿಂದ ಕಿತ್ತಳು. ಬಿರಡೆ ಬಿಚ್ಚಿದ ಸದ್ದಿನೊಂದಿಗೆ ಅದು ಬಂತು, ಅದರೊಳಗಿನ ಕಪ್ಪು ರಕ್ತ ನೆಲಕ್ಕೆ ಚೆಲ್ಲಿತು. ಹೆಣ ಎದ್ದು ಕುಂತಿತು.

"ಮೋನೀ, ಬಾಯಿ ಮುಚ್ಚು" ಅಂದ ದ್ಯಾವಪ್ಪ. "ರಟ್ಟಿ ಎತ್ತಾಕ ಬರವಲ್ದು. ಮಂದಿಗಿ ಗೊತ್ತಾದ್ರ ನಾಳಿ ತೂಬಿನ ಮ್ಯಾಲ ಅಯ್ಯಪ್ಪ ಇರತಾನ."

ಅಷ್ಟರಲ್ಲಿ ಎಲ್ಲ ತಿಳಿದುಹೋಯಿತು. ಹೆಗಲು ಕಟ್ಟಿಕೊಂಡಲ್ಲಿ ಕೊಂಬು ಹಚ್ಚಿ ಕೆಟ್ಟ ರಕ್ತ ಎಳೆಯುವುದು ಮಲ್ಲಾಬಾಯಿಯ ಕಸುಬು, ಅವಳ ಅತ್ತೆಯಿಂದ ಬಂದದ್ದು. ಬಳಿಚಕ್ರದಲ್ಲಿ ಮಳೆ ನಂಬಿದ ಜೋಳ. ನಾಟಿ ಹಚ್ಚುವ ಕೆಲಸ ಅಲ್ಲಿಲ್ಲ, ಹಾಗಾಗಿ ಸೊಂಟ ಮುರಿದವರೂ ಕಡಿಮೆ. ಭತ್ತದ ಸೀಮೆಯಲ್ಲಿ ಊರಿಗೆ ಊರೇ ಬಗ್ಗಿ ನಿಂತಿದೆ ಎಂದು ಕೇಳಿ ಅವಳು ಕಾಲುವೆ ಹಿಡಿದು ಬಂದಿದ್ದಳು. ಆದರೆ ನೋವಿದೆ ಎಂದು ಗೊತ್ತಾದರೆ ನಾಟಿಯ ಗುಂಪಿಗೆ ಯಾರೂ ಕರೆಯುವುದಿಲ್ಲ. ಅದಕ್ಕೇ ಬರುವವರೆಲ್ಲ ಮುಸುಕೆಳೆದು ಬರುತ್ತಿದ್ದರು, ಅದಕ್ಕೇ ಅವಳು ಬಾಗಿಲು ಮುಚ್ಚುತ್ತಿದ್ದಳು. ಖಾರದ ಬಾಯಿಂದ ಕೊಂಬು ಎಳೆದರೆ ಎಂಜಲಿಳಿದು ಕೊಯ್ದ ಚರ್ಮ ಉರಿಯುತ್ತದೆಂದು ಬಳ್ಳೊಳ್ಳಿ ಬಿಟ್ಟಿದ್ದಳು. ಅವ್ವನಿಗೆ ಮೊದಲಿಂದ ಗೊತ್ತಿತ್ತು. ಮಗಳಿಗೆ ಹೇಳಿದರೆ ಸುರಪುರಕ್ಕೆಲ್ಲ ಡಂಗುರ ಹೊಡೆದ ಹಾಗೆ ಎಂದು ಗಂಡಹೆಂಡತಿ ಸುಮ್ಮನಿದ್ದರು.

ಆದರೆ ಚೀರಿದ್ದು ಚೀರಿಯಾಗಿತ್ತು. ಓಣಿ ಮುಂಬಾಗಿಲಿಗೆ ಬಂದು ನಿಂತು ಬಡಿಗೆಯಿಂದ ಕದ ಕುಟ್ಟತೊಡಗಿತು. ತೆಗೀತೀಯೋ ಮುರೀಲೋ ಎಂಬ ಅಯ್ಯಪ್ಪನ ದನಿ ಕೇಳಿತು. ಹಿಂದೆ ಯಾರೋ ಬೆಂಕಿ ಹಚ್ಚುವ ಮಾತಾಡುತ್ತಿದ್ದರು. ಹಿತ್ತಲಲ್ಲೂ ಕಾಲ ಸಪ್ಪಳ. ದ್ಯಾವಪ್ಪ ಮೂಲೆಯ ಕೌದಿಯ ರಾಶಿಯೊಳಗೆ ಹೊಕ್ಕ. ಮಲ್ಲಾಬಾಯಿ ಅವಸರ ಮಾಡಲಿಲ್ಲ. ಬಾಯಿ ಒರೆಸಿಕೊಂಡು ಹುಡುಗಿಯನ್ನು ನೋಡಿದಳು.

"ಈಗ ನೀನ ಹೇಳಬೇಕವಾ. ನಾ ದೆವ್ವೋ, ನಿಮ್ಮಪ್ಪ ರಟ್ಟಿ ಸೋತಾವನೋ. ಎರಡರಾಗ ಒಂದು."

ಮೋನಮ್ಮ ಬಾಗಿಲ ಕಡೆ ನೋಡಿದಳು, ಕೌದಿಯ ಕಡೆ ನೋಡಿದಳು. ಆಮೇಲೆ ಅಪ್ಪ ಮಲಗಿದ್ದ ಜಾಗದಲ್ಲಿ ತಾನೇ ಕುಂತು ಒಂದು ಕಾಲು ಚಾಚಿದಳು. ಮೂರನೆಯದೊಂದು ಹೇಳಿದರಾಯಿತು ಎಂದು ಅವಳ ಲೆಕ್ಕ.

ಮುದುಕಿ ಬಾಗಿಲು ತೆರೆದಳು. ದೆವ್ವವೂ ಇಲ್ಲ ಏನೂ ಇಲ್ಲ, ಶಾಲೆಗೆ ನಡೆದು ನಡೆದು ಮೀನಖಂಡ ಹಿಡಿದಿತ್ತು, ಕೊಂಬು ಹಚ್ಚಿಸಿಕೊಳ್ಳಲು ಬಂದೆ, ಹೆದರಿ ಚೀರಿದೆ ಎಂದು ಮೋನಮ್ಮ ಒಂದೇ ಉಸಿರಿನಲ್ಲಿ ಹೇಳಿದಳು. ಅಯ್ಯಪ್ಪ ನೆಲದ ರಕ್ತ ನೋಡಿದ, ಅವಳ ಕಾಲು ನೋಡಿದ.

"ರಕ್ತ ಐತಿ. ಗಾಯ ಎಲ್ಲೈತಿ?"

"ಅದು ಮದಲಿನ ಗಿರಾಕಿದು. ಇಕಿದು ಈಗ ತಗೀಬೇಕು" ಎಂದು ಮಲ್ಲಾಬಾಯಿ ಗೋಣಿಚೀಲದಿಂದ ಇನ್ನೊಂದು ಕೊಂಬು ತೆಗೆದಳು. ಹುಡುಗಿಯ ಮೀನಖಂಡಕ್ಕೆ ಅದರ ಅಗಲ ಬಾಯಿ ಒತ್ತಿ, ಚೂಪು ತುದಿಯ ತೂತಿಗೆ ತನ್ನ ಬಾಯಿ ಹಚ್ಚಿದಳು. ಚರ್ಮ ಉಬ್ಬಿ ಬಂತು. ಕೊಂಬು ತೆಗೆದು ಬ್ಲೇಡಿನಿಂದ ಸಣ್ಣಗೆ ಗೀರಿದಳು, ಮತ್ತೆ ಹಚ್ಚಿ ಎಳೆದಳು. ಹೊಸಿಲಾಚೆಯ ಮಂದಿಯೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಮೋನಮ್ಮ ಹಲ್ಲು ಕಚ್ಚಿದಳು. ಹುಟ್ಟಿದಾಗಿನಿಂದ ಅವಳು ಬಾಯಿ ಮುಚ್ಚಿ ಕುಂತದ್ದು ಅದೊಂದೇ ಸಲ, ದೇವಾಪುರದವರು ಇಂದಿಗೂ ಅದನ್ನು ನೆನೆಯುತ್ತಾರೆ. ಕೊಂಬು ಎತ್ತಿದಾಗ ರಕ್ತ ಇಳಿದು ಹಿಮ್ಮಡಿ ತನಕ ಹರಿಯಿತು.

"ಒಂದ ಹನಿ ಆತು ತಂಗಿ" ಅಂದ ಬಾಗಿಲಲ್ಲಿ ನಿಂತ ನಸೀರುದ್ದೀನ.

ಮಂದಿ ಬಡಿಗೆ ಇಳಿಸಿದರು. ಆದರೆ ಅಯ್ಯಪ್ಪನ ಕಣ್ಣು ಮೂಲೆಗೆ ಹೋಗಿತ್ತು. ಕೌದಿಯ ರಾಶಿ ಸಾವಕಾಶ ಏರುತ್ತಿತ್ತು, ಸಾವಕಾಶ ಇಳಿಯುತ್ತಿತ್ತು. ಅವನು ಹೊಸಿಲು ದಾಟಿ ಬಂದು ಅದಕ್ಕೆ ಕೈ ಚಾಚಿದ.

ಮಲ್ಲಾಬಾಯಿ ತಲೆ ಕೂಡ ಎತ್ತಲಿಲ್ಲ. "ತಗದು ನೋಡಪ" ಅಂದಳು. "ಅದರಾಗ ಇದ್ದದ್ದು ನಿನ್ನ ಮೈಗಿ ಹತ್ತಿದ್ರ ಮಾತ್ರ ಬಿಡಿಸಾಕ ನನ್ನ ಕಡಿಂದ ಆಗಂಗಿಲ್ಲ."

ಚಿಮಣಿಯ ಬೆಳಕು ಅವಳ ಕೆಂಪು ಬಾಯಿಯ ಮೇಲೆ ಬಿದ್ದಿತ್ತು. ಅಯ್ಯಪ್ಪನ ಕೈ ಗಾಳಿಯಲ್ಲೇ ನಿಂತಿತು, ಹೋದ ದಾರಿಯಲ್ಲೇ ಹಿಂದೆ ಬಂತು. ಎಮ್ಮೆ ಕಟ್ಟುವುದಿದೆ ಎಂದು ಹೊರಟ. ಅವನ ಮನೆಯಲ್ಲಿ ಎಮ್ಮೆ ಇರಲಿಲ್ಲ.

ಮುಂದೆ ದ್ಯಾವಪ್ಪನ ಹೆಗಲ ನೋವು ಬಿಟ್ಟಿತು. ಕೊಂಬಿನಿಂದ ಬಿಟ್ಟಿತೋ, ಬುತ್ತಿ ಕೊಡುವ ನೆಪದಲ್ಲಿ ಮಗಳು ಹೋಗಿ ಚಕ್ರಕ್ಕೆ ತನ್ನ ಕೈಯನ್ನೂ ಸೇರಿಸುತ್ತಿದ್ದದ್ದರಿಂದ ಬಿಟ್ಟಿತೋ, ಅದರ ಬಗ್ಗೆ ಗಂಡಹೆಂಡತಿಯಲ್ಲಿ ಒಮ್ಮತವಿಲ್ಲ. ತೂಬು ಅವನ ಕೈಯಲ್ಲೇ ಉಳಿಯಿತು. ಮಲ್ಲಾಬಾಯಿಯ ಬಾಗಿಲು ಹಗಲೂ ತೆರೆಯತೊಡಗಿತು. ಓಣಿಯ ಹುಡುಗಿಯೇ ಎಲ್ಲರೆದುರು ಹಚ್ಚಿಸಿಕೊಂಡಳೆಂದ ಮೇಲೆ ಮುಸುಕು ಯಾಕೆ? ಸೊಂಟ ಹಿಡಿದವರು ಈಗ ಊರ ಮುಂದೆಯೇ ನರಳುತ್ತ ಬಂದರು. ಎಲ್ಲರಿಗೂ ನೋವಿದೆ ಎಂದು ಗೊತ್ತಾದ ಮೇಲೆ ನಾಟಿಯ ಗುಂಪಿನಿಂದ ಯಾರನ್ನೆಂದು ಕೈಬಿಡುತ್ತಾರೆ?

ಒಂದು ದಿನ ಹೊಸಿಲ ಮೇಲೆ ಮುದುಕಿ ಕೊಂಬುಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ಮೋನಮ್ಮ ಪಕ್ಕದಲ್ಲಿ ಕುಂತು ಒರೆಸಿ ಕೊಡುತ್ತಿದ್ದಳು. ಕಾಲಿನ ಗೀರು ಮಾಯ್ದು ಕಪ್ಪು ಉಂಗುರವಾಗಿತ್ತು. ಬಹಳ ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವಳು ಕೇಳಿಯೇಬಿಟ್ಟಳು.

"ಆಯಿ, ಖರೇ ಹೇಳು. ಇಷ್ಟ ಮಂದಿದು ಬಾಯಿಲೆ ಎಳದೀ. ಒಮ್ಮಿಯಾರ ನುಂಗೀ ಏನು?"

ಮಲ್ಲಾಬಾಯಿ ಕೊಂಬನ್ನು ಬೆಳಕಿಗೆ ಹಿಡಿದು ಒಳಗೆ ಒಂದು ಕಣ್ಣಿಟ್ಟು ನೋಡಿದಳು, ಊದಿದಳು, ಕೆಳಗಿಟ್ಟಳು.

"ಎಲ್ಲಾರದೂ ಉಗುಳೀನಿ ಮಗಳ. ನಿಂದೊಂದ ಅವತ್ತು ಮಂದಿ ಭಾಳ ನಿಂತಿತ್ತು ನೋಡು, ಉಗುಳಾಕ ನಾಚಿಕಿ ಬಂತು."