ನೀಲವ್ವನ ದನಿ

ನಂಬಬೇಡಿ. ನಂಬದೆ ಕೊನೆಯವರೆಗೆ ಓದಿ ತೋರಿಸಿ, ಆಗ ನಿಮ್ಮ ಎದೆಗಾರಿಕೆ ಒಪ್ಪುತ್ತೇನೆ. ನಾನೂ ಇಂಥದ್ದನ್ನೆಲ್ಲ ನಂಬದವನೇ. ನಂಬುವುದಾದರೂ ಹೇಗೆ? ನರಗುಂದದ ಗುಡ್ಡದಲ್ಲಿ ದೆವ್ವ ಅಳುತ್ತದೆ ಎಂದು ಜನ ಆ ಕಡೆ ಕಾಲಿಡಲು ಹೆದರುತ್ತಿದ್ದ ಕಾಲದಲ್ಲಿ ಆ ದೆವ್ವ ನಾನೇ ಆಗಿದ್ದೆ.

ಇನ್ನೊಬ್ಬರ ದನಿ ತೆಗೆಯುವುದರಲ್ಲಿ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ನನ್ನನ್ನು ಮೀರಿಸಿದವರಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಚಹಾ ಕುಡಿಯುತ್ತಿದ್ದಾಗ ಅವನ ದನಿಯಲ್ಲಿ ‘ರೈಟ್, ರೈಟ್’ ಅಂದೆ. ಕಂಡಕ್ಟರ್ ಇಲ್ಲವೆಂದು ಡ್ರೈವರನಿಗೆ ಗೊತ್ತಾಗಿದ್ದು ಮುಂದಿನ ಊರು ಸೂಡಿ ಮುಟ್ಟಿದ ಮೇಲೆ.

ಈರಪ್ಪ ನನ್ನ ಜೊತೆ ಕಲಿತವನು, ಗಜೇಂದ್ರಗಡದಲ್ಲಿ ಸೀರೆ ನೇಯುವವನು. ಅವನ ಹೆಂಡತಿ ನೀಲವ್ವನಿಗೆ ಲಕ್ವಾ ಹೊಡೆದು ಮಾತು ಹೋಯಿತು, ಕೈಕಾಲು ಹೋದವು. ದವಾಖಾನೆಯವರು ಮನೆಗೆ ಒಯ್ಯಿರಿ ಅಂದರು. ಬೆನ್ನೆಲ್ಲ ಹುಣ್ಣಾಯಿತು. ಮಗ್ಗುಲು ಬದಲಿಸಿದರೆ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿಂದ ಮಾತ್ರ ದನಿ ಬರುತ್ತಿರಲಿಲ್ಲ. ಈರಪ್ಪ ಮಗ್ಗ ನಿಲ್ಲಿಸಿ ಆಕೆಯನ್ನು ಕೂಸಿನಂತೆ ನೋಡಿಕೊಂಡ.

ಸಂಜೆ ನಾನು ಹೋಗಿ ಕೂಡುತ್ತಿದ್ದೆ. ಅವನನ್ನು ನಗಿಸಲು ನೀಲವ್ವನ ದನಿ ತೆಗೆಯುತ್ತಿದ್ದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಒಡಪಿನಲ್ಲಿ ಹೆಣೆದು ಹೇಳುತ್ತಾರೆ. ನೀಲವ್ವನ ಒಡಪು ಓಣಿಗೆಲ್ಲ ಗೊತ್ತಿತ್ತು: ‘ರೇಷ್ಮಿ ಸೀರಿಗೆ ಕೆಂಪನ ಅಂಚು, ಈರಪ್ಪನವರು ನಕ್ಕರ ಮುಗಲಾಗ ಮಿಂಚು.’ ನಾನು ಅದನ್ನು ಆಕೆಯ ದನಿಯಲ್ಲೇ ಹೇಳಿದರೆ ಈರಪ್ಪ, ‘ಏ ಬಾಡ್ಯಾ, ನನ್ನ ಹೇಣ್ತಿನ್ನ ನುಂಗೀಯೇನಲೇ!’ ಎಂದು ನಗುತ್ತಿದ್ದ. ಆಮೇಲೆ ಮೋರೆ ತಿರುಗಿಸಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ.

ಆವತ್ತು ದೀಪ ಹಚ್ಚುವ ಹೊತ್ತು. ಈರಪ್ಪ ಆಕೆಯ ಹುಣ್ಣು ತೊಳೆಯುತ್ತಿದ್ದ. ನಾನು ಬಾಗಿಲ ಬಳಿ ಕುಳಿತಿದ್ದೆ. ಬಾಯಿ ತುಂಬ ಎಲೆ-ಅಡಿಕೆ, ಒಂದಕ್ಷರ ಆಡುವ ಹಾಗಿರಲಿಲ್ಲ. ಆಗ ಕೇಳಿತು:

‘ಈರಪ್ಪಾ, ಸಾಕಾತು. ಕಳಿಸಿಬಿಡ ನನ್ನ.’

ನೀಲವ್ವನದೇ ದನಿ. ಒಡಪಿಲ್ಲ, ‘ರೀ’ ಇಲ್ಲ, ಬರೀ ಹೆಸರು. ಮಾತು ಇದ್ದಾಗ ಆಕೆ ಎಂದೂ ಹಾಗೆ ಕರೆದವಳಲ್ಲ. ಆಕೆಯ ದನಿ ತೆಗೆದಾಗ ನಾನೂ ಎಂದೂ ಹಾಗೆ ಕರೆದಿರಲಿಲ್ಲ. ಈರಪ್ಪನ ಕೈಯೊಳಗಿನ ಅರಿವೆ ಕೆಳಗೆ ಬಿತ್ತು. ಇಬ್ಬರೂ ಆಕೆಯ ತುಟಿ ನೋಡಿದೆವು. ಅವು ಹೇಗಿದ್ದವೋ ಹಾಗೇ ಇದ್ದವು. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಎದ್ದು ಬಂದೆ. ದೆವ್ವವಾಗಿ ಊರು ಹೆದರಿಸಿದವನ ಧೈರ್ಯ ಅಷ್ಟು.

ಮರುದಿನ ಬೆಳಿಗ್ಗೆ ಈರಪ್ಪ ತಾನೇ ಪೊಲೀಸ್ ಠಾಣೆಗೆ ಹೋಗಿ, ‘ಹಾಲಾಗ ಗುಳಿಗಿ ಹಾಕಿ ಕುಡಿಸಿ ಕಳಿಸಿದೆನ್ರಿ. ಆಕಿನ ಕೇಳಿದ್ಲು’ ಎಂದು ಹೇಳಿದ.

ಅವನ ಪರ ವಕೀಲರು ರೋಣದವರು. ನನ್ನನ್ನು ಎದುರಿಗೆ ಕೂಡಿಸಿಕೊಂಡು ತಿಳಿಸಿದರು: ‘ಆಕಿ ತಾನ ಕೇಳಿದ್ಲು ಅಂತ ಸಾಬೀತಾದ್ರ ಕೊಲಿ ಅನ್ನೋದು ಒಂದ ಮೆಟ್ಟಲ ಕೆಳಗ ಇಳಿತೈತ್ರಿ. ಶಿಕ್ಷಾ ತಪ್ಪೂದಿಲ್ಲ, ಆದ್ರ ಜನ್ಮ ಪೂರ್ತಿ ಒಳಗ ಕೊಳಿಯೋದು ತಪ್ಪತೈತಿ. ಕಾಯ್ದೆದಾಗ ದಯಾ ಒಳಗ ಬರಾಕ ಇರೋ ಕಿಡಕಿ ಅದೊಂದ. ಈರಪ್ಪನ್ನ ಬಿಟ್ರ ಆ ಮಾತ ಕಿವಿಲೆ ಕೇಳಿದಾವ್ರು ನೀವೊಬ್ರ ಇದ್ದೀರಿ. ಹುಡುಗಾಟ ಮಾಡಬ್ಯಾಡ್ರಿ.’

ಕಟಕಟೆಯಲ್ಲಿ ನಿಂತು ಎಲ್ಲ ಹೇಳಿದೆ, ಬಾಯೊಳಗಿನ ಎಲೆ-ಅಡಿಕೆಯನ್ನೂ ಸೇರಿಸಿ. ಸರಕಾರಿ ವಕೀಲರು ನಗುತ್ತ ಎದ್ದರು.

‘ಅಜ್ಜಾರ, ನಿಮ್ಮ ಹೆಸರ ಭಾಳ ಕೇಳೀನ್ರಿ. ಬಸ್ಸಿನ ಕಥಿನೂ ಕೇಳೀನಿ. ಖರೇನ ಯಾರ ದನಿ ಬೇಕಾದ್ರೂ ತಗೀತೀರೇನ್ರಿ? ನನಗ್ಯಾಕೋ ನಂಬಿಕಿ ಬರವಲ್ದು.’

ಈ ಮಾತನ್ನು ನಾನು ಹುಟ್ಟಿದಾಗಿನಿಂದ ತಡೆದುಕೊಂಡವನಲ್ಲ. ‘ಯಾರದು ಬೇಕ್ರಿ?’ ಅಂದೆ.

‘ನೀಲವ್ವಂದು ಬರತೈತೇನ್ರಿ?’

ನಮ್ಮ ವಕೀಲರು ಬೇಡವೆಂದು ಕೈ ಮಾಡಿದರು. ನಾನು ಆ ಕಡೆ ನೋಡಲೇ ಇಲ್ಲ. ಎದೆ ಉಬ್ಬಿಸಿ ಆಕೆಯ ಒಡಪು ಹೇಳಿದೆ. ಅಷ್ಟು ಚೆಂದ ನನಗೆ ಎಂದೂ ಬಂದಿರಲಿಲ್ಲ. ಕೋರ್ಟಿನಲ್ಲಿ ಒಬ್ಬರೂ ನಗಲಿಲ್ಲ. ಈರಪ್ಪ ಮಾತ್ರ ಹೆಂಡತಿ ಬಂದಳೇನೋ ಎಂಬಂತೆ ಬಾಗಿಲ ಕಡೆ ತಿರುಗಿ ನೋಡಿದ.

‘ಇಷ್ಟ ಸಾಕ್ರಿ’ ಎಂದು ಸರಕಾರಿ ವಕೀಲರು ಕುಳಿತುಬಿಟ್ಟರು.

ಆಗ ನನಗೆ ತಿಳಿಯಿತು. ಕಳಿಸಿಬಿಡು ಎಂದದ್ದು ಹಾಸಿಗೆಯಲ್ಲಿದ್ದ ನೀಲವ್ವನೋ, ಬಾಗಿಲಲ್ಲಿದ್ದ ನಾನೋ ಎಂದು ಇನ್ನು ಯಾರೂ ಹೇಳಲಾರರು. ಕಿಡಕಿ ಮುಚ್ಚಿದವನು ನಾನೇ.

ತೀರ್ಪಿನ ದಿನ ನ್ಯಾಯಾಧೀಶರು ಅವನಿಗೇ ಹೇಳಿದರು: ‘ಈರಪ್ಪನವರೇ, ನೀವು ಆಕೆಯನ್ನು ಹೇಗೆ ನೋಡಿಕೊಂಡಿರಿ ಎಂದು ಓಣಿಯವರೆಲ್ಲ ಹೇಳಿದ್ದಾರೆ. ನನಗೂ ಕನಿಕರವಿದೆ. ಆದರೆ ಸಾವು ಬೇಡಿದವಳು ಆಕೆಯೇ ಎಂದು ಖಾತ್ರಿಯಾಗದೆ ನಾನು ಶಿಕ್ಷೆ ಇಳಿಸುವ ಹಾಗಿಲ್ಲ.’ ಜೀವಾವಧಿ ಆಯಿತು. ಅದು ತಪ್ಪು ಎನ್ನಲು ನನಗೆ ಮುಖವಿಲ್ಲ. ಆ ಕುರ್ಚಿಯಲ್ಲಿ ನಾನಿದ್ದರೂ ನನ್ನಂಥವನ ಸಾಕ್ಷಿ ನಂಬುತ್ತಿರಲಿಲ್ಲ.

ಪೊಲೀಸರು ಅವನನ್ನು ಹೊರಗೆ ಕರೆತಂದಾಗ ಬೈಗುಳ ತಿನ್ನಲು ತಯಾರಾಗಿ ತಲೆ ತಗ್ಗಿಸಿ ನಿಂತೆ. ಈರಪ್ಪ ಹತ್ತಿರ ಬಂದು, ‘ದೋಸ್ತ, ಆಕಿ ದನಿ ಭಾಳ ಚಲೋ ತಗದಿ ನೋಡ. ಇನ್ನೊಮ್ಮಿ ಕೇಳಿದಂಗಾತು’ ಅಂದ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಅಂದಿನಿಂದ ಯಾರ ದನಿಯನ್ನೂ ತೆಗೆದಿಲ್ಲ. ಮೊನ್ನೆ ಜೈಲಿಗೆ ಹೋದಾಗ ಕೇಳಿಯೇಬಿಟ್ಟೆ: ‘ಆವತ್ತ ಮಾತಾಡಿದ್ದು ಯಾರಂತೀಪಾ?’

‘ಹೆಸರ ಹಿಡದು ಕರದ್ಲಲ್ಲೋ. ನಿನಗೆಲ್ಲೀದು ಅಷ್ಟ ಧೈರ್ಯ?’ ಎಂದು ಅವನು ನಕ್ಕ.

ಅವನಿಗೆ ಅನುಮಾನವಿಲ್ಲ. ನನಗಿದೆ. ತುಟಿ ಅಲುಗದೆ ಹೆಂಗಸೊಬ್ಬಳು ಮಾತಾಡುತ್ತಾಳೆಯೇ? ಇಲ್ಲವೇ, ದಿನಾ ತೆಗೆದ ದನಿ ಒಂದು ದಿನ ನನ್ನನ್ನು ಕೇಳದೆಯೇ ಹೊರಗೆ ಬೀಳುತ್ತದೆಯೇ? ಎರಡೂ ಆಗದ ಮಾತು. ಒಂದು ಆಗಿದ್ದಂತೂ ನಿಜ.

ಇಷ್ಟು ಓದಿದಿರಿ, ಹೇಳಿಬಿಡುತ್ತೇನೆ. ಇದರಲ್ಲಿ ಒಂದು ಸಂಗತಿ ಮಾತ್ರ ನಾನು ಕಟ್ಟಿದ್ದು. ಕೋರ್ಟಿಗೂ ಅದನ್ನೇ ಹೇಳಿದೆ, ನಿಮಗೂ ಅದನ್ನೇ ಹೇಳಿದೆ. ಆ ಸಂಜೆ ನನ್ನ ಬಾಯಲ್ಲಿ ಎಲೆ-ಅಡಿಕೆ ಇರಲಿಲ್ಲ.