ಬೈಕೋತ ನಡಿ

ಕೋಪರಿಯ ನಮ್ಮ ಸಾಲುಮನೆಗಳ ಚಾಳಿನಲ್ಲಿ ಪಕ್ಕದ ಖೋಲಿಯವಳು ನಡೆಯುವುದನ್ನು ನೋಡಿದರೆ ಯಾರ ಮೇಲೋ ಜಗಳಕ್ಕೆ ಹೊರಟಂತೆ ಕಾಣುತ್ತಿತ್ತು. ಸೀರೆ ಎತ್ತಿ ಕಟ್ಟಿ, ಮಗಳ ಹಳೇ ಬೂಟು ಹಾಕಿಕೊಂಡು, ದಿನಾ ಬೆಳಿಗ್ಗೆ ವಾಕಿಂಗಿಗೆ ಬಾ ಅಂತ ನನ್ನ ಬಾಗಿಲು ಬಡಿಯುತ್ತಿದ್ದಳು. ನನಗಿಂತ ದೊಡ್ಡವಳು, ಅಕ್ಕ ಅಂತಿದ್ದೆ.

ದಾರಿಯುದ್ದಕ್ಕೂ ನಾನು ಸೊಸೆಯನ್ನು ಬೈಯುತ್ತಿದ್ದೆ. ಅಕ್ಕ ನನ್ನ ಪರವೂ ಮಾತಾಡುತ್ತಿರಲಿಲ್ಲ, ಸೊಸೆಯ ಪರವೂ ಮಾತಾಡುತ್ತಿರಲಿಲ್ಲ.

"ಬೈಕೋತ ನಡಿ. ಬೈಯಾಕ ಉಸಿರು ಅದ ಅಂದ್ರ ಎದಿ ಗಟ್ಟಿ ಅದ" ಅನ್ನುತ್ತಿದ್ದಳು.

ಒಂದು ದಿನ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ನನ್ನ ಎದೆ ಬಿಗಿಯಿತು. ಹೇಳಲಿಲ್ಲ. ಸಾರಿಗೆ ಉಪ್ಪು ಹಾಕದ ಸೊಸೆಯ ಕಥೆಯನ್ನು ಅರ್ಧಕ್ಕೇ ಬಿಟ್ಟೆ.

"ಮುಂದ ಹೇಳು."

"ಸಾಕು ಬಿಡಕ್ಕ."

"ಸೊಸೀನ್ನ ಬೈಯೋದು ನಿನಗ ಸಾಕಾತಾ? ಕೂಡು ಇಲ್ಲೇ."

ಮೆಟ್ಟಿಲ ಮೇಲೇ ಕೂಡಿಸಿ, ಹೋಗಿಬರುವವರನ್ನು ಕೂಗಿ, ರಿಕ್ಷಾದಲ್ಲಿ ದವಾಖಾನೆಗೆ ಒಯ್ದಳು. ಹೃದಯದ ನಾಳ ಕಟ್ಟಿತ್ತಂತೆ. ಮನೆಗೆ ಹೋಗಿ ಮಲಗಿದ್ದರೆ ಏಳುತ್ತಿರಲಿಲ್ಲ ಅಂದರು ಡಾಕ್ಟರು. ಅಕ್ಕ ಅವರ ಮುಂದೆಯೇ, "ಮತ್ತ ಯಾವಾಗ ನಡೀಬೇಕು ಇಕಿ?" ಅಂತ ಕೇಳಿದಳು.

ಆಮೇಲೆ ಅವಳು ಖೋಲಿ ಬಿಟ್ಟು, ಮಗಳ ಜೊತೆ ಇರಲು ದೂರದ ಟಿಟ್ವಾಳಾಕ್ಕೆ ಹೋದಳು. ಈಗ ನನ್ನ ಜೊತೆ ನಡೆಯುವುದು ಸೊಸೆ. ಅಕ್ಕ ಹೋಗುವಾಗ ಅವಳಿಗೆ ಎಲ್ಲಾ ಹೇಳಿಕೊಟ್ಟು ಹೋಗಿದ್ದಾಳೆ. ಪಕ್ಕದಲ್ಲೇ ಇರುವವಳನ್ನು ಹೇಗೆ ಬೈಯಲಿ? ಬಿಟ್ಟುಹೋದ ಅಕ್ಕನನ್ನೇ ಬೈಯುತ್ತೇನೆ. ನಡುವೆ ಸ್ವಲ್ಪ ಸುಮ್ಮನಾದರೆ ಸಾಕು, ಸೊಸೆ ನಿಂತು ನನ್ನ ಮುಖ ನೋಡುತ್ತಾಳೆ.

"ಅಕ್ಕನ್ನ ಬೈದಿದ್ದು ಸಾಕಾದ್ರ ನನ್ನ ಬೈರಿ ಅತ್ತಿ. ಬೈಕೋತ ನಡೀರಿ."