ಉಮ್ಮನ ಕೊಂಬಿನ ಲೋಟ

ಕಳೆದ ವಾರ ಕುವೈತಿನ ಫಿಂಟಾಸಿನ ನಮ್ಮ ಮನೆಗೆ ಒಂದು ಪಾರ್ಸೆಲ್ ಬಂತು. ಹದಿನಾರರ ಮಗ ಅದನ್ನು ಊಟದ ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಎಮ್ಮೆಯ ಕೊಂಬಿನಿಂದ ಮಾಡಿದ ಒಂದು ಲೋಟ. ಈಗ ಅದು ಫ್ಯಾಷನ್ನಂತೆ. ಹಳೇ ಕಾಲದ ಯೋಧರ ಹಾಗೆ ಕೊಂಬಿನಲ್ಲಿ ಕೋಲಾ ಕುಡಿದು ಫೋಟೋ ಹಾಕುವುದಂತೆ. ಅವನು ಫ್ರಿಜ್ಜಿನ ಬಾಗಿಲು ತೆರೆಯುವಷ್ಟರಲ್ಲಿ ನಾನು ಲೋಟವನ್ನು ಕಸಿದು ಮೂಗಿಗೆ ಹಿಡಿದಿದ್ದೆ. ವಾರ್ನಿಶ್ಶಿನ ತೆಳು ವಾಸನೆ, ಅದರಡಿಯಲ್ಲಿ ಸುಟ್ಟ ಉಗುರಿನಂಥದ್ದೇನೋ... ನಾನು ಹುಡುಕುತ್ತಿದ್ದ ವಾಸನೆ ಇರಲಿಲ್ಲ. ಆದರೂ ಲೋಟವನ್ನು ಅವನಿಗೆ ಕೊಡಲಿಲ್ಲ.

"ಮಮ್ಮಿ, ಇಟ್ಸ್ ಜಸ್ಟ್ ಅ ಕಪ್," ಎಂದ ಮಗ.

ಪೆಟ್ಟಿಗೆಯಲ್ಲಿ ಸೂಚನೆಯ ಚೀಟಿಯೊಂದಿತ್ತು. ಬಿಸಿ ಕಾಫಿ ಹಾಕಬೇಡಿ, ಹಾಲು ಹಾಕಿ ಹಾಗೇ ಬಿಡಬೇಡಿ, ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕಬೇಡಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಎಲ್ಲವೂ ಸರಿಯೇ. ನಾನು ಎರಡು ಸಲ ಓದಿದರೂ ನನಗೆ ಬೇಕಾಗಿದ್ದ ಎಚ್ಚರಿಕೆ ಅದರಲ್ಲಿ ಸಿಗಲಿಲ್ಲ. ಮಗನಿಗೆ ಸಿಟ್ಟು ಬಂದಿತ್ತು. ಕೂರು ಎಂದು ಹೇಳಿ ಉಮ್ಮನ ಕಥೆ ಶುರು ಮಾಡಿದೆ.

ಅವನು ಕೂಸಾಗಿದ್ದಾಗ ನಾವು ಇಲ್ಲೇ ಹತ್ತಿರದ ಫಹಾಹೀಲಿನಲ್ಲಿದ್ದೆವು. ಎದುರು ಫ್ಲ್ಯಾಟಿನಲ್ಲಿ ನಮ್ಮೂರ ಕಡೆಯ ಬ್ಯಾರಿ ಮುಸ್ಲಿಂ ದಂಪತಿ ಇದ್ದರು. ಗಂಡನಿಗೆ ಮಾರ್ಕೆಟ್ಟಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಅವರ ಮಕ್ಕಳು ಊರಿನಲ್ಲಿ ಓದುತ್ತಿದ್ದುದರಿಂದ ಆಕೆಯ ಮನೆ ಖಾಲಿ, ಕೈಯೂ ಖಾಲಿ. ಕೆಲಸಕ್ಕೆ ಹೋಗುವ ನಮ್ಮಂಥವರ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಿದ್ದರು. ಬಿಲ್ಡಿಂಗಿನ ಮಕ್ಕಳೆಲ್ಲ ಆಕೆಯನ್ನು ಉಮ್ಮ, ಅಂದರೆ ಅಮ್ಮ, ಎನ್ನುತ್ತಿದ್ದರು, ಕೇಳಿ ಕೇಳಿ ನಮಗೂ ಅದೇ ರೂಢಿಯಾಯಿತು. ಗಂಡನ ವೀಸಾದ ಮೇಲೆ ಬಂದವರು ಹೀಗೆ ದುಡಿಯುವಂತಿರಲಿಲ್ಲ. ಯಾರಾದರೂ ದೂರು ಕೊಟ್ಟರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದಾಗಿ ಇಬ್ಬರೂ ಊರಿನ ವಿಮಾನ ಹತ್ತಬೇಕಾಗುತ್ತಿತ್ತು. ಅದನ್ನು ನೆನೆದು ನನಗೆ ದಿಗಿಲು, ಆಕೆಗಿಲ್ಲ.

ನಾನು ಹುಟ್ಟಿದ್ದೇ ಹೆದರಿಕೊಂಡು ಎಂದು ಗಂಡ ಗೇಲಿ ಮಾಡುವುದುಂಟು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬರುವವಳು ನಾನು. ಕೂಸನ್ನು ಉಮ್ಮನ ಕೈಗೆ ಕೊಟ್ಟ ಮೇಲೂ ಆಫೀಸಿನಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದೆ. "ಎಂತ ಮಾರಾಯ್ತಿ, ಇಷ್ಟು ಹೆದರುದಾ? ಮಗು ಇಲ್ಲಿ ರಾಜನ ಹಾಗೆ ಮಲಗಿದೆ," ಎಂದು ಆಕೆ ನಗುತ್ತಿದ್ದರು. ಆ ನಗು ಕೇಳಿದರೆ ಒಂದು ಗಂಟೆಯ ಮಟ್ಟಿಗೆ ನೆಮ್ಮದಿ.

ಆಕೆಯ ಬಳಿ ಒಂದು ಕೊಂಬಿನ ಲೋಟವಿತ್ತು. ಗಿಡ್ಡ, ಕಪ್ಪು, ಅಂಚಿನಲ್ಲಿ ಜೇನಿನ ಬಣ್ಣ. ಆಕೆಯ ಅಜ್ಜ ಎಲ್ಲಿಂದಲೋ ತಂದದ್ದಂತೆ. ಬಿದ್ದರೆ ಒಡೆಯುವುದಿಲ್ಲ, ಎಳೆಯ ವಸಡಿಗೆ ಸ್ಟೀಲಿನ ಹಾಗೆ ತಣ್ಣಗೆ ಕೊರೆಯುವುದಿಲ್ಲ. ಅವರ ಮಕ್ಕಳೆಲ್ಲ ಮೊದಲ ಗುಟುಕು ನೀರನ್ನು ಅದರಲ್ಲೇ ಕುಡಿದವರು. ನನ್ನ ಮಗ ಎಂಟು ತಿಂಗಳಿಗೆ ಬಾಟಲಿ ಕಂಡರೆ ಮುಖ ತಿರುಗಿಸತೊಡಗಿದಾಗ ಉಮ್ಮ ಪೆಟ್ಟಿಗೆಯಿಂದ ಆ ಲೋಟ ತೆಗೆದರು. ಬಿಸಿನೀರಿನಲ್ಲಿ ಕುದಿಸೋಣವೇ ಎಂದೆ. "ಕುದಿಸಿದ್ರೆ ಕೊಂಬು ಸೊಟ್ಟ ಆಗ್ತದೆ. ತೊಳೆದು ಎಣ್ಣೆ ಹಚ್ಚಿ ಇಟ್ಟದ್ದು, ಎಂತ ಆಗುದಿಲ್ಲ," ಎಂದರು. ಮಗ ಅದರ ಅಂಚನ್ನು ವಸಡಿನಲ್ಲೇ ಕಚ್ಚಿ ಹಿಡಿದು ಗಟಗಟ ಕುಡಿದ. ಬಿಡಿಸಲು ಹೋದರೆ ರಂಪ. ಅವನು ನೀರು ಕುಡಿಯುತ್ತಾನಲ್ಲ ಎಂಬ ಸಂತೋಷದಲ್ಲಿ ನಾನೂ ಸುಮ್ಮನಾದೆ.

ಕೆಲವೇ ದಿನಗಳಲ್ಲಿ ಮಗು ಮಂಕಾಯಿತು. ಆಡದು, ಅಳಲೂ ಶಕ್ತಿಯಿಲ್ಲ. ಕಣ್ಣಿನ ಬಿಳಿ ಹಳದಿಯಾಗಿತ್ತು. ಡೈಪರ್ ಬಿಚ್ಚಿದರೆ ಮೂತ್ರ ಕಡು ಚಹಾದ ಬಣ್ಣ. ನಾನೂ ಗಂಡನೂ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಈಜಿಪ್ಟಿನ ಡಾಕ್ಟರ್ ರಕ್ತದ ರಿಪೋರ್ಟು ನೋಡಿ ಮೊದಲು ಕೇಳಿದ್ದು, "ಫೂಲ್ ತಿನ್ನಿಸಿದಿರಾ?" ಎಂದು. ಇಲ್ಲಿನವರು ಬೆಳಗ್ಗೆ ಬೇಯಿಸಿ ತಿನ್ನುವ ಅವರೆಯಂಥ ಕಾಳು ಅದು. ಹಲ್ಲು ಬಾರದ ಕೂಸಿಗೆ ಕಾಳು ಯಾರು ಕೊಡುತ್ತಾರೆ? ಇಲ್ಲ ಎಂದೆವು. ಕೆಲವು ಮಕ್ಕಳ ರಕ್ತ ಹುಟ್ಟಿನಿಂದಲೇ ಸೂಕ್ಷ್ಮ, ಕೆಲವು ಪದಾರ್ಥ ತಾಗಿದರೆ ಕೆಂಪು ಕಣಗಳು ಒಡೆದುಹೋಗುತ್ತವೆ ಎಂದು ಅವರು ಬಿಡಿಸಿ ಹೇಳಿದರು. ಯಾವುದೆಂದು ತಿಳಿದು ನಿಲ್ಲಿಸದಿದ್ದರೆ ಹೊಸ ರಕ್ತ ಕೊಟ್ಟರೂ ಅದೂ ಒಡೆಯುತ್ತದೆ. ಔಷಧಿ? ಇಲ್ಲ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯೂ ಅಂಥದ್ದೇ, ಮನೆಯಲ್ಲಿದೆಯೇ? ನಮ್ಮ ಮನೆಯಲ್ಲಿ ಇರಲಿಲ್ಲ. ಕಾರಿಡಾರಿಗೆ ಬಂದು ಉಮ್ಮನಿಗೆ ಫೋನು ಮಾಡಿದೆ. ಮಗು ಎಲ್ಲಾದರೂ ನುಸಿಗುಳಿಗೆ ಬಾಯಿಗೆ ಹಾಕಿಕೊಂಡಿತೇ ಎಂದು ಕೇಳಿದೆ.

"ಛೆ, ಅದನ್ನು ನಾನು ಮಕ್ಕಳ ಕೈಗೆ ಸಿಗುವ ಹಾಗೆ ಇಡುದೇ ಇಲ್ಲ. ಪೆಟ್ಟಿಗೆಯೊಳಗೆ..." ಎಂದವರು ನಿಲ್ಲಿಸಿಬಿಟ್ಟರು. ಫೋನು ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಅವರೇ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಒಬ್ಬರೇ ಅಂಗಡಿಗೂ ಹೋಗದವರು ಟ್ಯಾಕ್ಸಿ ಹಿಡಿದು ಬಂದಿದ್ದರು. ಹೋಗಬೇಡ, ಪೊಲೀಸ್ ಕೇಸಾದರೆ ನಮ್ಮ ಗತಿ ಖಲಾಸ್ ಎಂದು ಅವರ ಗಂಡ ತಡೆದಿದ್ದರೆಂದು ಆಮೇಲೆ ಗೊತ್ತಾಯಿತು. ಪ್ಲಾಸ್ಟಿಕ್ ಚೀಲದಿಂದ ಕೊಂಬಿನ ಲೋಟ ತೆಗೆದು ಡಾಕ್ಟರ ಮುಂದೆ ಹಿಡಿದರು. ಉಮ್ಮ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಕೊಂಬನ್ನು ಉಣ್ಣೆಯ ಹಾಗೆಯೇ ಹುಳ ತಿನ್ನುತ್ತದೆ. ಊರಿನಲ್ಲಾದರೆ ಸೌದೆ ಒಲೆಯ ಮೇಲೆ ತೂಗುಹಾಕುತ್ತಿದ್ದರು, ಹೊಗೆಗೆ ಹುಳ ಹತ್ತಿರ ಬರುತ್ತಿರಲಿಲ್ಲ. ಕುವೈತಿನ ಫ್ಲ್ಯಾಟಿನಲ್ಲಿ ಹೊಗೆ ಎಲ್ಲಿಂದ ಬರಬೇಕು? ಅದಕ್ಕೆ ರೇಷ್ಮೆ ಸೀರೆಗಳ ಜೊತೆ ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟರು. ಏಸಿಯ ಗಾಳಿಗೆ ಬಿರುಕು ಬಿಟ್ಟೀತೆಂದು ತೆಂಗಿನೆಣ್ಣೆಯನ್ನೂ ತಿಕ್ಕಿದರು. ಡಾಕ್ಟರ್ ಲೋಟವನ್ನು ಮೂಸಿ ಕಣ್ಣು ಮುಚ್ಚಿಕೊಂಡರು. ಎಣ್ಣೆ ಕುಡಿದ ಕೊಂಬು ಆ ವಿಷವನ್ನೂ ಕುಡಿದಿತ್ತು, ತೊಳೆದರೆ ಹೋಗುವಂಥದ್ದಲ್ಲ.

"ಇವರು ಯಾರು?" ಎಂದು ಡಾಕ್ಟರ್ ಕೇಳಿದರು.

"ಮಗುವಿನ ಅಜ್ಜಿ," ಎಂದೆ.

ಅವರು ಉಮ್ಮನ ತಲೆವಸ್ತ್ರ ನೋಡಿದರು, ನನ್ನ ಹಣೆಯ ಬೊಟ್ಟು ನೋಡಿದರು. ಮತ್ತೇನೂ ಕೇಳಲಿಲ್ಲ. ಇವರು ಬಾರದಿದ್ದರೆ ನಾವು ಇನ್ನೂ ಕತ್ತಲಲ್ಲೇ ಹುಡುಕುತ್ತಿದ್ದೆವು, ಮಗುವಿಗೆ ಅಷ್ಟು ಸಮಯ ಇರಲಿಲ್ಲ ಎಂದರು. ಅದನ್ನು ಉಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಕೊಟ್ಟದ್ದೂ ನಾನೇ ಅಲ್ವಾ?" ಎಂದರು ಉಮ್ಮ.

ಆಸ್ಪತ್ರೆಯವರು ಮಗುವಿಗೆ ರಕ್ತ ಕೊಟ್ಟರು. ಆ ದಿನಗಳನ್ನು ಹೇಗೆ ಕಳೆದೆನೋ... ಮಗುವಿನ ತುಟಿಗೆ ಮತ್ತೆ ಬಣ್ಣ ಬಂದು ಮನೆಗೆ ಬಂದೆವು. ರಜೆ ಮುಗಿದ ಬೆಳಗ್ಗೆ ಎಂದಿನಂತೆ ಅವನನ್ನು ಎತ್ತಿಕೊಂಡು ಎದುರು ಬಾಗಿಲು ತಟ್ಟಿದೆ. ನನಗೇ ಆಶ್ಚರ್ಯ, ನನಗೆ ಒಂದಿಷ್ಟೂ ಭಯವಿರಲಿಲ್ಲ. ಮಗ ಎರಡೂ ಕೈ ಚಾಚಿದ. ಉಮ್ಮ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ ಮಗಳೇ. ಈ ಕೈಯಲ್ಲಿ ಇನ್ನು ಬೇಡ."

ನಿಮ್ಮಿಂದಲೇ ಉಳಿದ ಜೀವ ಇದು ಎಂದೆ, ಗೋಗರೆದೆ, ಕೊನೆಗೆ ಜಗಳವಾಡಿದೆ. ಬೇರೆಯವರ ಮಕ್ಕಳನ್ನೂ ಅವರು ಬಿಟ್ಟುಬಿಟ್ಟರು. ನನ್ನನ್ನು ನೋಡಿ ನಗುತ್ತಿದ್ದ ಹೆಂಗಸು ನನಗಿಂತ ದೊಡ್ಡ ಪುಕ್ಕಲಿಯಾದರು. ಮಗ ಅಂಬೆಗಾಲಿಟ್ಟು ಹೋಗಿ ಅವರ ಬಾಗಿಲನ್ನು ಬಡಿದರೆ ತೆರೆಯುತ್ತಿದ್ದರು, ಎದುರು ಕೂತು ಮಾತಾಡಿಸುತ್ತಿದ್ದರು, ತಿನ್ನಲು ಕುಡಿಯಲು ಮಾತ್ರ ಏನೂ ಕೊಡುತ್ತಿರಲಿಲ್ಲ. ಮುಂದಿನ ವರ್ಷ ಅವರ ಗಂಡನ ಕೆಲಸ ಹೋಗಿ ಊರಿಗೆ ಹೊರಟರು.

ಇಷ್ಟು ಕೇಳಿ ಮಗ ಜೇಬಿನಿಂದ ಫೋನು ತೆಗೆದ. "ಲೆಟ್ಸ್ ಕಾಲ್ ಹರ್, ಮಮ್ಮಿ. ಐ ವಿಲ್ ಟೆಲ್ ಹರ್ ಐ ಆಮ್ ಫೈನ್. ಕನ್ನಡದಲ್ಲೇ ಹೇಳ್ತೇನೆ."

ಕಳೆದ ವರ್ಷ ಊರಿನಿಂದ ಉಮ್ಮನ ಮಗ ಫೋನು ಮಾಡಿದ್ದ. ಸುದ್ದಿ ಹೇಳಿ ಮುಗಿದ ಮೇಲೂ ಆತ ಫೋನು ಇಡಲಿಲ್ಲ. "ಉಮ್ಮನಿಗೆ ನನ್ನ ಮಗಳೆಂದ್ರೆ ಪ್ರಾಣ ಅಕ್ಕ. ಸ್ನಾನ ಮಾಡಿಸುದು, ಮಲಗಿಸುದು ಎಲ್ಲ ಅವರೇ. ಆದ್ರೆ ಒಂದು ಗುಟುಕು ನೀರು ಅವಳ ಬಾಯಿಗೆ ಹಾಕ್ಲಿಲ್ಲ. ಮಗು ಬಾಯಾರಿ ಅತ್ರೆ ನನ್ನ ಹೆಂಡತಿಯನ್ನು ಕರೀತಿದ್ರು. ಯಾಕಂತ ಕೇಳಿದ್ರೆ ಹೇಳ್ತಿರ್ಲಿಲ್ಲ. ನಿಮಗೆ ಎಂತಾದ್ರೂ ಗೊತ್ತುಂಟಾ?" ಗೊತ್ತಿತ್ತು. ಅಳುತ್ತ ಫೋನು ಇಟ್ಟೆ. ನಾನು ಹೇಳಿ ಹೇಳಿ ಸೋತ ಮಾತನ್ನು ಎದುರು ಕೂತ ನನ್ನ ಮಗ ತನ್ನ ಬಾಯಿಂದಲೇ ಹೇಳಿದ್ದರೆ ಉಮ್ಮ ನಂಬುತ್ತಿದ್ದರೇನೋ ಎಂದು ಈಗ ಅನಿಸುತ್ತದೆ.

"ನಂಬರ್ ಹೇಳಿ ಮಮ್ಮಿ," ಎಂದ ಮಗ.

ಉಮ್ಮ ತೀರಿಕೊಂಡು ವರ್ಷವಾಯಿತು ಎಂದು ಅವನಿಗೆ ಹೇಳಿದೆ.